ಮಚ್ಚೆ ತೆಗೆಸುವ ಮೊದಲು: ಗೇರೆಣ್ಣೆ, ಕಾಟರಿ, ಲೇಸರ್, ಚೂರಿ

ನಮ್ಮ ಕಡೆ ಮಚ್ಚೆಗೆ ಮೊದಲ ವೈದ್ಯ ಗೇರುಬೀಜ. ಗುಡ್ಡೆಯಿಂದ ಹೆಕ್ಕಿ ತಂದ ಹಸಿ ಬೀಜವನ್ನು ಸೀಳಿ, ಸಿಪ್ಪೆಯಿಂದ ಒಸರುವ ಎಣ್ಣೆಯಲ್ಲಿ ಹಿಡಿಸೂಡಿಯ ಕಡ್ಡಿಯನ್ನು ಅದ್ದಿ ಮಚ್ಚೆಯ ಮೇಲಿಡುವುದು, ಮೂರು ದಿನ ಉರಿ ತಡೆದುಕೊಳ್ಳುವುದು, ಕಪ್ಪು ಹಕ್ಕಳೆ ಕಳಚಿ ಬಿದ್ದಾಗ ‘ಹೋಯಿತು’ ಎನ್ನುವುದು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಆಸುಪಾಸಿನಲ್ಲಿ ಹೀಗೆ ಸುಟ್ಟುಕೊಂಡವರು ಒಬ್ಬರಾದರೂ ಇಲ್ಲದ ಮನೆ ಕಡಿಮೆ. ನನ್ನ ಕುತ್ತಿಗೆಯ ಬಿಳಿಚು ಕಲೆಯೂ ಅಂಥದ್ದೇ. ನನಗೆ ಹತ್ತು ವರ್ಷವಾಗಿದ್ದಾಗ ಅಲ್ಲಿದ್ದ ಮಚ್ಚೆ ಎಳ್ಳಿನಷ್ಟಿತ್ತು; ಈಗಿರುವ ಕಲೆ ಹುಣಸೆಬೀಜದಷ್ಟಿದೆ. ಮದ್ದು ಮಾಡಿದ ಚಿಕ್ಕಮ್ಮ ಇಂದಿಗೂ ಅದನ್ನು ತನ್ನ ಯಶಸ್ಸೆಂದೇ ಬಂದವರಿಗೆ ತೋರಿಸುತ್ತಾರೆ.

ಕಳೆದ ವರ್ಷ ದವಡೆಯ ಮೇಲಿನ ಇನ್ನೊಂದು ಮಚ್ಚೆಯನ್ನು ತೆಗೆಸಬೇಕಾಗಿ ಬಂತು. ಕ್ಷೌರದ ಬ್ಲೇಡು ವಾರಕ್ಕೊಮ್ಮೆ ಅದನ್ನು ಕೊಯ್ಯುತ್ತಿತ್ತು, ಅಂಗಿಯ ಕಾಲರಿಗೆ ರಕ್ತ ತಾಗುತ್ತಿತ್ತು. ಈ ಸಲ ವಿಚಾರಿಸದೆ ಮುಂದುವರಿಯುವುದಿಲ್ಲ ಎಂದು ನಿಶ್ಚಯಿಸಿ, ಕಾಸರಗೋಡು ಪೇಟೆಯಲ್ಲಿ ಎರಡು ಕಡೆ, ಮಂಗಳೂರಿನಲ್ಲಿ ಎರಡು ಕಡೆ ಕೇಳಿದೆ. ನಾಲ್ಕು ಕಡೆ ನಾಲ್ಕು ವಿಧಾನ, ನಾಲ್ಕು ದರ. ಒಬ್ಬರು ಸುಡೋಣ ಎಂದರು, ಒಬ್ಬರು ಕೆತ್ತೋಣ ಎಂದರು, ಒಬ್ಬರು ಲೇಸರ್ ಎಂದರು, ಕೊನೆಯವರು ಸೀಳಿ ಹೊಲಿಯೋಣ ಎಂದರು. ಇದೇ ಗೊಂದಲದಲ್ಲಿರುವವರಿಗಾಗಿ ಈ ಹೋಲಿಕೆ.

ಹೋಗುವವರೆಲ್ಲ ಕೇಳುವ ಪ್ರಶ್ನೆಗಳು ಎರಡು: ಎಷ್ಟಾಗುತ್ತದೆ, ಕಲೆ ಉಳಿಯುತ್ತದೆಯೇ. ನಾನೂ ಅವನ್ನೇ ಕೇಳಿದ್ದೆ. ಈಗ ಕೇಳುವುದಾದರೆ ಮೊದಲು ಇನ್ನೊಂದನ್ನು ಕೇಳುತ್ತೇನೆ: ತೆಗೆದ ಚೂರು ಎಲ್ಲಿಗೆ ಹೋಗುತ್ತದೆ? ಪರೀಕ್ಷೆಗೆ ಕಳಿಸುವ ಫಾರ್ಮಲಿನ್ ಸೀಸೆಗೋ, ಕಸದ ಬುಟ್ಟಿಗೋ, ಅಥವಾ ಹೊಗೆಯಾಗಿ ಗಾಳಿಗೋ? ವಿಧಾನಗಳ ನಡುವಿನ ನಿಜವಾದ ಅಂತರ ಇರುವುದು ಅಲ್ಲಿಯೇ.

ಹೆಸರಿನ ಗೊಂದಲ

ಕನ್ನಡದಲ್ಲಿ ನಾವು ಚರ್ಮದ ಮೇಲಿನ ಕಪ್ಪನ್ನೆಲ್ಲ ಮಚ್ಚೆ ಎಂದುಬಿಡುತ್ತೇವೆ. ಮಲಯಾಳದವರು ಈ ವಿಷಯದಲ್ಲಿ ನಮಗಿಂತ ಚುರುಕು. ಸಣ್ಣ ಕಪ್ಪು ಚುಕ್ಕೆ ಕಾಕ್ಕಪ್ಪುಳ್ಳಿ, ಹುಟ್ಟಿನಿಂದ ಬಂದದ್ದು ಮರುಗ್, ಒರಟಾಗಿ ಏಳುವ ನರುಲಿ ಅರಿಂಬಾರ, ಕುತ್ತಿಗೆ ಕಂಕುಳಲ್ಲಿ ಜೋತುಬೀಳುವುದು ಪಾಲುಣ್ಣಿ. ಕಾಸರಗೋಡಿನಲ್ಲಿ ವೈದ್ಯರು ‘ಕಾಕ್ಕಪ್ಪುಳ್ಳಿಯೋ ಅರಿಂಬಾರವೋ’ ಎಂದು ಕೇಳಿದಾಗ ಗೊತ್ತಿಲ್ಲದಿದ್ದರೆ ಸುಮ್ಮನೆ ಬೆರಳು ಮಾಡಿ ತೋರಿಸಿ. ತಪ್ಪು ಹೆಸರು ಹೇಳುವುದಕ್ಕಿಂತ ಅದು ಮೇಲು.

ನಿಜವಾದ ಮಚ್ಚೆಯೆಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ಒಂದೆಡೆ ಗುಂಪುಗೂಡಿರುವುದು. ವಯಸ್ಕರ ಮೈಮೇಲೆ ಸಾಮಾನ್ಯವಾಗಿ ಹತ್ತರಿಂದ ನಲ್ವತ್ತರವರೆಗೆ ಇರುತ್ತವೆ. ಎಳವೆಯಲ್ಲಿ ಚಪ್ಪಟೆಯಾಗಿ ಕಪ್ಪಗಿದ್ದದ್ದು ವರ್ಷಗಳು ಕಳೆದಂತೆ ಗುಂಡಗೆ ಉಬ್ಬುತ್ತದೆ, ಬಣ್ಣ ತಿಳಿಯಾಗುತ್ತದೆ, ಕೆಲವದರ ನಡುವಿನಿಂದ ಕೂದಲೂ ಏಳುತ್ತದೆ. ಉಬ್ಬಿತೆಂದ ಮಾತ್ರಕ್ಕೆ ಹೆದರಬೇಕಿಲ್ಲ. ಹತ್ತಾರು ವರ್ಷಗಳಲ್ಲಿ ನಿಧಾನವಾಗಿ ಉಬ್ಬುವುದು ಅದರ ಸ್ವಭಾವ.

ನರುಲಿಯ ಜಾತಿಯೇ ಬೇರೆ. ಅದು ವೈರಸ್ಸಿನಿಂದ ಬರುವಂಥದ್ದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡುತ್ತದೆ. ಮಕ್ಕಳ ನರುಲಿಗಳಲ್ಲಿ ಬಹುಪಾಲು ಎರಡು ವರ್ಷದೊಳಗೆ ತಾವಾಗಿಯೇ ಉದುರುತ್ತವೆ, ಶರೀರದ ರೋಗನಿರೋಧಕ ಶಕ್ತಿ ವೈರಸ್ಸನ್ನು ಗುರುತು ಹಿಡಿದುಬಿಡುತ್ತದೆ. ನರುಲಿಗೆ ಹರಕೆ ಹೇಳಿಕೊಂಡವರ ಹರಕೆ ಅಷ್ಟೊಂದು ಸಲ ಫಲಿಸುವುದರ, ಕುದುರೆ ಬಾಲದ ಕೂದಲು ಕಟ್ಟಿದವರು, ಸಕ್ಕರೆ ಗುಳಿಗೆ ತಿಂದವರು ಎಲ್ಲರೂ ಗೆಲ್ಲುವುದರ ಗುಟ್ಟು ಇದೇ ಎಂದು ನನ್ನ ಅನಿಸಿಕೆ. ಹರಕೆ ಸಲ್ಲಿಸಬೇಡಿ ಎನ್ನುತ್ತಿಲ್ಲ. ಅದೇ ಹರಕೆಯನ್ನು ಮಚ್ಚೆಗೆ ಹೇಳಿಕೊಂಡು ಮೂರು ವರ್ಷ ಕಾಯಬೇಡಿ ಎನ್ನುತ್ತಿದ್ದೇನೆ.

ಜೋತುಬೀಳುವ ಪಾಲುಣ್ಣಿಗಳು ನಿರಪಾಯ. ಆದರೆ ಕುತ್ತಿಗೆಯ ಸುತ್ತ ಒಮ್ಮೆಲೇ ಹೆಚ್ಚಾದರೆ ಸಕ್ಕರೆಯ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದವರಲ್ಲಿ, ದಪ್ಪಗಿರುವವರಲ್ಲಿ ಅವು ಜಾಸ್ತಿ. ನಮ್ಮಂಥ ಕಂದು ಚರ್ಮದವರ ಕೆನ್ನೆ, ಕಣ್ಣಿನ ಕೆಳಗೆ ಸಾಸಿವೆ ಚೆಲ್ಲಿದಂತೆ ಏಳುವ ಕರಿ ಬೊಕ್ಕೆಗಳೂ ಮಚ್ಚೆಯಲ್ಲ, ಹೆಚ್ಚಾಗಿ ಕುಟುಂಬದಲ್ಲಿ ಹರಿದು ಬರುವ ಒಂದು ಬಗೆಯ ಚರ್ಮದ ಬೆಳವಣಿಗೆ. ಐವತ್ತು ದಾಟಿದವರ ಬೆನ್ನ ಮೇಲೆ ಮೇಣ ಅಂಟಿಸಿದಂತೆ ಕೂತಿರುವುದೂ ಅದೇ ಬಳಗದ್ದು.

ಹೆದರಬೇಕಾದವು

ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಬಿಳಿಯರಿಗೆ ಹೋಲಿಸಿದರೆ ಭಾರತೀಯರಲ್ಲಿ ಬಹಳ ಅಪರೂಪ. ಇದು ಸಮಾಧಾನದ ಮಾತು, ಮತ್ತು ಅರ್ಧ ಮಾತು. ನಮ್ಮಲ್ಲಿ ಬಂದಾಗ ಅದು ಹೆಚ್ಚಾಗಿ ಯಾರೂ ನೋಡದ ಜಾಗದಲ್ಲಿ ಬರುತ್ತದೆ: ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನ ಕೆಳಗೆ. ತೋಟದಲ್ಲಿ ಬರಿಗಾಲಲ್ಲಿ ನಡೆಯುವವರು ಅಂಗಾಲಿನ ಕಪ್ಪನ್ನು ಆಣಿ ಎಂದೋ, ಮುಳ್ಳು ಮುರಿದು ಒಳಗೆ ಉಳಿದದ್ದೆಂದೋ, ಹೆಬ್ಬೆರಳ ಉಗುರಿನ ಕಪ್ಪು ಗೆರೆಯನ್ನು ಕಲ್ಲು ಬಿದ್ದ ಗುರುತೆಂದೋ ತಿಳಿದು ವರ್ಷಗಟ್ಟಲೆ ಬಿಡುತ್ತಾರೆ. ಪೆಟ್ಟಿನ ರಕ್ತದ ಕಲೆ ಉಗುರಿನ ಜೊತೆ ಮುಂದಕ್ಕೆ ಸರಿದು ಕೊನೆಗೆ ಕತ್ತರಿಸಿ ಹೋಗುತ್ತದೆ. ಸರಿಯದೆ ಅಗಲವಾಗುತ್ತಿರುವ ಗೆರೆ, ಉಗುರಿನ ಬುಡದ ಚರ್ಮಕ್ಕೂ ಹಬ್ಬಿದ ಕಪ್ಪು, ಇವೆರಡನ್ನು ತೋರಿಸಲು ಮುಂದಿನ ವಾರದವರೆಗೆ ಕಾಯಬೇಡಿ.

ಮುಖದ ಮೇಲೆ, ಮುಖ್ಯವಾಗಿ ಮೂಗು, ಕಣ್ಣಿನ ಆಸುಪಾಸಿನಲ್ಲಿ, ವಯಸ್ಸಾದವರಿಗೆ ಬರುವ ಬೇಸಲ್ ಸೆಲ್ ಕಾರ್ಸಿನೋಮಾ ಇನ್ನೊಂದು ವೇಷಧಾರಿ. ಬಿಳಿಯರಲ್ಲಿ ಕೆಂಪಗೆ ಮುತ್ತಿನಂತೆ ಹೊಳೆಯುವುದು ನಮ್ಮಲ್ಲಿ ಹೆಚ್ಚಾಗಿ ಕಪ್ಪಗಿರುತ್ತದೆ, ಥೇಟ್ ಮಚ್ಚೆ. ಅಂಚು ಸ್ವಲ್ಪ ಎದ್ದಿರುತ್ತದೆ, ನಡುವೆ ಹುಣ್ಣಾಗುತ್ತದೆ, ಒಣಗುತ್ತದೆ, ಮತ್ತೆ ಹುಣ್ಣಾಗುತ್ತದೆ. ಅದು ದೂರದ ಅಂಗಗಳಿಗೆ ಹರಡುವುದು ತೀರಾ ಕಡಿಮೆ. ಆದರೆ ಇದ್ದಲ್ಲೇ ಕೊರೆದು ಮೂಗಿನ ಹೊಳ್ಳೆಯನ್ನೇ ತಿನ್ನುತ್ತದೆ.

ಉಳಿದಂತೆ ನೋಡಬೇಕಾದ್ದು: ಎರಡು ಅರ್ಧಗಳು ಒಂದಕ್ಕೊಂದು ಹೊಂದದಿರುವುದು, ಅಂಚು ಹರಿದ ಕಾಗದದಂತಿರುವುದು, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ, 6 ಮಿಲಿಮೀಟರಿಗಿಂತ ದೊಡ್ಡದಾಗಿರುವುದು, ಕೆಲವು ತಿಂಗಳಲ್ಲೇ ಬದಲಾಗುತ್ತಿರುವುದು. ಈ ಐದರಲ್ಲಿ ಕೊನೆಯದೇ ಮುಖ್ಯ. ನಲ್ವತ್ತು ದಾಟಿದ ಮೇಲೆ ಹೊಸದಾಗಿ ಹುಟ್ಟಿದ ಮಚ್ಚೆಯೂ, ಮೈಮೇಲಿನ ಉಳಿದ ಮಚ್ಚೆಗಳ ಕುಟುಂಬಕ್ಕೆ ಸೇರದ ಒಂಟಿ ಮಚ್ಚೆಯೂ ವೈದ್ಯರ ಕಣ್ಣಿಗೆ ಬೀಳಬೇಕು.

‘ಮಚ್ಚೆಗೆ ಚೂರಿ ತಾಗಿಸಿದರೆ ಕ್ಯಾನ್ಸರ್ ಆಗುತ್ತದೆ’ ಎಂಬ ಭಯ ನಮ್ಮ ಹಿರಿಯರಲ್ಲಿ ಬಲವಾಗಿದೆ. ತೆಗೆದದ್ದರಿಂದ ಒಳ್ಳೆಯ ಮಚ್ಚೆ ಕೆಟ್ಟದ್ದಾಗುವುದಿಲ್ಲ. ಮೊದಲೇ ಕೆಟ್ಟದ್ದಾಗಿದ್ದನ್ನು ಯಾರೋ ಅರ್ಧಂಬರ್ಧ ಸುಟ್ಟು ಕಳಿಸಿದಾಗ ಹುಟ್ಟಿದ ನಂಬಿಕೆ ಅದಾಗಿರಬೇಕು.

ಸುಡುವುದೋ, ಕೊಯ್ಯುವುದೋ

ಪೇಟೆಯ ಕ್ಲಿನಿಕ್ಕುಗಳಲ್ಲಿ ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ವಿದ್ಯುತ್ತಿನ ಕಾವಿನಿಂದ ಸುಡುವ ಕಾಟರಿ, ಅದರದೇ ನಯವಾದ ರೂಪವಾದ ರೇಡಿಯೋಫ್ರೀಕ್ವೆನ್ಸಿ. ಮರಗಟ್ಟಿಸುವ ಮುಲಾಮು ಹಚ್ಚಿ ಮುಕ್ಕಾಲು ಗಂಟೆ ಕೂರಿಸುತ್ತಾರೆ, ಇಲ್ಲವೇ ಸಣ್ಣ ಚುಚ್ಚುಮದ್ದು ಕೊಡುತ್ತಾರೆ. ಕೆಲಸ ಹತ್ತು ನಿಮಿಷದ್ದು. ಹೊಲಿಗೆಯಿಲ್ಲ, ವಾರ ಹತ್ತು ದಿನದಲ್ಲಿ ಹಕ್ಕಳೆ ಬೀಳುತ್ತದೆ. ಪಾಲುಣ್ಣಿಗೆ, ನರುಲಿಗೆ, ಕೆನ್ನೆಯ ಸಾಸಿವೆ ಬೊಕ್ಕೆಗಳಿಗೆ ಇದಕ್ಕಿಂತ ತಕ್ಕ ವಿಧಾನ ನನಗೆ ಕಂಡಿಲ್ಲ. ನನ್ನ ಹೆಂಡತಿ ಕೆನ್ನೆಯ ಇಪ್ಪತ್ತಕ್ಕೂ ಮಿಕ್ಕಿ ಬೊಕ್ಕೆಗಳನ್ನು ಹೀಗೆಯೇ ತೆಗೆಸಿದಳು. ವೈದ್ಯೆ ಮೊದಲ ದಿನ ಕಿವಿಯ ಹತ್ತಿರದ ಎರಡನ್ನು ಮಾತ್ರ ಮುಟ್ಟಿ, ತಿಂಗಳು ಬಿಟ್ಟು ಬರಲು ಹೇಳಿದ್ದರು. ಆ ಚರ್ಮ ಕಪ್ಪಾಗದೆ ಮಾಯುತ್ತದೆಯೋ ಎಂದು ನೋಡುವುದಕ್ಕೆ. ಒಂದೇ ದಿನ ಮುಖವನ್ನೆಲ್ಲ ಸುಟ್ಟು ಕಳಿಸುವವರಿಗಿಂತ ಹೀಗೆ ತಡ ಮಾಡುವವರ ಮೇಲೆ ನನಗೆ ವಿಶ್ವಾಸ ಜಾಸ್ತಿ.

ನಿಜವಾದ ಮಚ್ಚೆಗೆ ಕಾಟರಿಯಾದರೆ ಮಾತು ಬೇರೆ. ಸುಟ್ಟದ್ದು ಹೊಗೆಯಾಯಿತು, ಪರೀಕ್ಷೆಗೆ ಏನೂ ಉಳಿಯಲಿಲ್ಲ. ನನ್ನ ಚಿಕ್ಕಪ್ಪನ ಮಗನ ಬೆನ್ನಿನ ಮಚ್ಚೆಯನ್ನು ಒಂದು ಕ್ಲಿನಿಕ್ಕಿನಲ್ಲಿ ಮೂರಕ್ಕೆ ಎರಡರ ದರ ಎಂಬ ರಿಯಾಯಿತಿಯಲ್ಲಿ ಸುಟ್ಟರು. ಆರು ತಿಂಗಳಲ್ಲಿ ಕಲೆಯ ನಡುವಿನಿಂದಲೇ ಕಪ್ಪು ಮತ್ತೆ ಮೂಡಿತು, ಈ ಸಲ ಅಡ್ಡಾದಿಡ್ಡಿಯಾಗಿ. ಆಳದಲ್ಲಿ ಉಳಿದ ಕೋಶಗಳು ಹೀಗೆ ಚಿಗುರುವುದು ಹೊಸತೇನಲ್ಲ. ಕಷ್ಟವೆಂದರೆ, ಹೀಗೆ ಮರುಕಳಿಸಿದ ಮಚ್ಚೆ ಸೂಕ್ಷ್ಮದರ್ಶಕದ ಕೆಳಗೂ ಮೆಲನೋಮಾದಂತೆಯೇ ಕಾಣಬಹುದು. ಅವನು ಮಂಗಳೂರಿಗೆ ಹೋಗಿ ಅದನ್ನು ಪೂರ್ತಿ ಸೀಳಿ ತೆಗೆಸಿದ. ಅಲ್ಲಿ ಮೊದಲು ಕೇಳಿದ ಪ್ರಶ್ನೆ: ಹಿಂದೆ ತೆಗೆದದ್ದರ ವರದಿ ಎಲ್ಲಿ? ಇರಲಿಲ್ಲ. ಹತ್ತು ದಿನ ಆ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಕೊನೆಗೆ ಬಂದ ವರದಿ ನಿರಪಾಯ ಎಂದಿತು. ಮೊದಲ ಸಲ ಉಳಿಸಿದ ಹಣದ ಹತ್ತು ಪಟ್ಟು ಎರಡನೆಯ ಸಲ ಹೋಯಿತು.

ಉಬ್ಬಿದ ಮಚ್ಚೆಗೆ ನಾನು ಕೊನೆಗೆ ಆರಿಸಿದ್ದು ಕೆತ್ತಿ ತೆಗೆಯುವ ವಿಧಾನ. ಮರಗಟ್ಟಿಸುವ ಲಿಗ್ನೊಕೇನ್ ಚುಚ್ಚಿ, ಬ್ಲೇಡಿನಿಂದ ಚರ್ಮದ ಮಟ್ಟಕ್ಕೆ ಸವರಿ ತೆಗೆದು, ಬುಡಕ್ಕೆ ತುಸು ಕಾಟರಿ ತಾಗಿಸಿ ರಕ್ತ ನಿಲ್ಲಿಸುತ್ತಾರೆ. ಚುಚ್ಚುವ ಹತ್ತು ಸೆಕೆಂಡಿನ ಉರಿ ಬಿಟ್ಟರೆ ಬೇರೆ ನೋವಿಲ್ಲ. ಹೊಲಿಗೆ ಬೇಡ, ಒಂದೆರಡು ವಾರದಲ್ಲಿ ಮಾಯುತ್ತದೆ, ಮುಖದ ಮೇಲೆ ಚಪ್ಪಟೆ ತಿಳಿ ಗುರುತು ಮಾತ್ರ ಉಳಿಯುತ್ತದೆ. ಸವರಿದ ಚೂರು ಇಡಿಯಾಗಿ ಸೀಸೆಗೆ ಹೋಗುತ್ತದೆ. ಇದರ ಕೊರತೆ ಎರಡು: ಬುಡದ ಬಣ್ಣ ಕೆಲವರಲ್ಲಿ ಮರಳಿ ಬರುತ್ತದೆ, ಮಚ್ಚೆಯ ಕೂದಲಿನ ಬೇರು ಆಳದಲ್ಲಿರುವುದರಿಂದ ಕೂದಲು ಮತ್ತೆ ಬೆಳೆಯಬಹುದು. ನನ್ನದರಲ್ಲಿ ಒಂದು ಕೂದಲು ಬಂದಿದೆ, ಕತ್ತರಿ ಇದೆ.

ಸಂಶಯವಿರುವ ಮಚ್ಚೆಗೆ ಚರ್ಚೆಯೇ ಇಲ್ಲ, ಸೀಳಿ ಪೂರ್ತಿ ತೆಗೆದು ಹೊಲಿಯಬೇಕು. ಮಚ್ಚೆಯ ಸುತ್ತ ದೋಣಿಯ ಆಕಾರದಲ್ಲಿ ಗೆರೆ ಎಳೆದು ಕೊಯ್ಯುತ್ತಾರೆ. ಇಷ್ಟು ಸಣ್ಣ ಮಚ್ಚೆಗೆ ಅಷ್ಟು ಉದ್ದದ ಗಾಯವೇಕೆ ಎಂದು ಎಲ್ಲರೂ ಬೇಸರಪಡುತ್ತಾರೆ. ದುಂಡಗೆ ಕೊಯ್ದು ಹೊಲಿದರೆ ಎರಡು ತುದಿಗಳಲ್ಲಿ ಚರ್ಮ ಮುದ್ದೆಯಾಗುತ್ತದೆ; ಅಗಲದ ಮೂರು ಪಟ್ಟು ಉದ್ದ ಕೊಯ್ದರೆ ಸಪಾಟಾಗಿ ಕೂರುತ್ತದೆ. ಮುಖದ ಹೊಲಿಗೆಯನ್ನು ಐದರಿಂದ ಏಳು ದಿನಕ್ಕೆ ಬಿಚ್ಚುತ್ತಾರೆ, ಬೆನ್ನು ಕೈಕಾಲಿನದ್ದನ್ನು ಹತ್ತರಿಂದ ಹದಿನಾಲ್ಕು ದಿನಕ್ಕೆ. ಗೆರೆಯಂಥ ಕಲೆ ಖಂಡಿತ ಉಳಿಯುತ್ತದೆ. ಮಚ್ಚೆ ಮರಳಿ ಬರುವ ಸಂಭವ ಎಲ್ಲಕ್ಕಿಂತ ಕಡಿಮೆ ಇದರಲ್ಲೇ. ಕೆಲವೇ ಮಿಲಿಮೀಟರಿನ ಮಚ್ಚೆಗಾದರೆ ಬಿಸ್ಕತ್ತಿನ ಅಚ್ಚಿನಂಥ ದುಂಡು ಬ್ಲೇಡು ಒತ್ತಿ, ಬುಡಸಮೇತ ಕಿತ್ತು, ಒಂದೋ ಎರಡೋ ಹೊಲಿಗೆ ಹಾಕುವ ಪಂಚ್ ವಿಧಾನವೂ ಇದೆ.

ಲೇಸರಿನ ಹೆಸರು ದೊಡ್ಡದು, ಬಿಲ್ಲೂ ದೊಡ್ಡದು. ಇಂಗಾಲದ ಡೈಆಕ್ಸೈಡ್ ಲೇಸರು ಅಂಗಾಂಶವನ್ನು ಪದರ ಪದರವಾಗಿ ಆವಿ ಮಾಡುತ್ತದೆ. ಅಂದರೆ ಬೆಲೆಬಾಳುವ ಕಾಟರಿ. ಚಪ್ಪಟೆ ಬಣ್ಣಕ್ಕೆ ಬಳಸುವ ಇನ್ನೊಂದು ಬಗೆಯ ಲೇಸರಿಗೆ ಹಲವು ಸಲ ಹೋಗಬೇಕಾಗುತ್ತದೆ. ಎರಡರಲ್ಲೂ ಪರೀಕ್ಷೆಗೆ ಚೂರು ಸಿಗುವುದಿಲ್ಲ, ಕಂದು ಚರ್ಮದಲ್ಲಿ ಸುತ್ತಲ ಭಾಗ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುವ ಅಪಾಯವೂ ಇದೆ. ಪಳಗಿದ ಕೈಯಲ್ಲಿ ಒಳ್ಳೆಯ ಫಲಿತಾಂಶ ಬರುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಡರ್ಮೋಸ್ಕೋಪ್ ಎಂಬ ಬೆಳಕಿನ ಭೂತಗನ್ನಡಿ ಇಟ್ಟು ಮಚ್ಚೆಯನ್ನು ನೋಡದೆಯೇ ಲೇಸರಿನ ದರಪಟ್ಟಿ ಮುಂದಿಡುವಲ್ಲಿಂದ ನಾನು ಎದ್ದು ಬಂದೆ.

ದ್ರವ ಸಾರಜನಕದಿಂದ, ಅಂದರೆ ಮೈನಸ್ 196 ಡಿಗ್ರಿಯ ಚಳಿಯಿಂದ, ಹೆಪ್ಪುಗಟ್ಟಿಸುವುದು ನರುಲಿಗೆ ಸರಿ, ಮಚ್ಚೆಗೆ ಅಲ್ಲ. ಬಣ್ಣದ ಕೋಶಗಳು ಚಳಿಗೆ ಬೇಗ ಸಾಯುವುದರಿಂದ ನಮ್ಮ ಚರ್ಮದಲ್ಲಿ ಬಿಳಿ ತೊನ್ನಿನಂಥ ಗುರುತು ಉಳಿಯಬಹುದು.

ಏನೂ ಮಾಡದಿರುವುದೂ ಒಂದು ಆಯ್ಕೆ, ಹೆಚ್ಚಿನ ಮಚ್ಚೆಗಳಿಗೆ ಅದೇ ಸರಿಯಾದದ್ದು. ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯ ಇಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದಿಡಿ, ಆರು ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ ಮತ್ತೆ ತೆಗೆಯಿರಿ. ಬೆನ್ನಿನದ್ದನ್ನು ಮನೆಯವರೇ ತೆಗೆಯಬೇಕು. ಖರ್ಚು ಸೊನ್ನೆ.

ಮನೆಮದ್ದು, ಪೆನ್ನು, ಕ್ಷಾರ

ಗೇರೆಣ್ಣೆಯ ವಿಷಯಕ್ಕೆ ಮರಳುತ್ತೇನೆ. ಹಸಿ ಗೇರುಬೀಜ ಕಚ್ಚಿ ತುಟಿ ಬೊಕ್ಕೆ ಬಂದ ಮಗು ನಮ್ಮೂರಿನಲ್ಲಿ ಹೊಸತಲ್ಲ. ಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲ, ಕಾರ್ಡಾಲ್ ಎಂಬ ಪದಾರ್ಥಗಳು ಚರ್ಮವನ್ನು ಸುಡುತ್ತವೆ, ಕೆಲವರಿಗೆ ಅಲರ್ಜಿಯಾಗಿ ಮುಖವೇ ಊದಿಕೊಳ್ಳುತ್ತದೆ. ಮಚ್ಚೆಯೊಂದನ್ನೇ ಸುಡು, ಪಕ್ಕದ ಚರ್ಮವನ್ನು ಬಿಡು ಎಂದರೆ ಎಣ್ಣೆ ಕೇಳುವುದಿಲ್ಲ. ಸುಣ್ಣಕ್ಕೆ ಬಟ್ಟೆಸೋಡ ಕಲಸಿ ಹಚ್ಚುವುದೂ ಅದೇ ಕಥೆ, ಕ್ಷಾರದ ಸುಟ್ಟಗಾಯ ಆಮ್ಲಕ್ಕಿಂತಲೂ ಆಳಕ್ಕಿಳಿಯುತ್ತದೆ.

ಈಗ ಗೇರುಬೀಜದ ಜಾಗಕ್ಕೆ ಕೊರಿಯರ್ ಬಂದಿದೆ. ಆನ್‌ಲೈನಿನಲ್ಲಿ ಮಚ್ಚೆ ಕರಗಿಸುವ ಕ್ರೀಮು, ಬ್ಯಾಟರಿಯಿಂದ ಕಿಡಿ ಹಾರಿಸುವ ಪೆನ್ನು ಕೆಲವು ನೂರು ರೂಪಾಯಿಗೆ ಮನೆಬಾಗಿಲಿಗೆ ಬರುತ್ತವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2022ರ ಆಗಸ್ಟ್‌ನಲ್ಲಿ ಇಂಥ ಉತ್ಪನ್ನಗಳನ್ನು ಮಾರುವವರಿಗೆ ಎಚ್ಚರಿಕೆಯ ಪತ್ರ ಕಳಿಸಿತ್ತು. ವೈದ್ಯರ ಚೀಟಿಯಿಲ್ಲದೆ ಮಚ್ಚೆ ತೆಗೆಯುವ ಯಾವ ಔಷಧಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದಿತ್ತು. ಬ್ಯೂಟಿ ಪಾರ್ಲರಿನ ಕಾಟರಿಗೂ ನನ್ನ ಮಾತು ಇದೇ. ಹುಬ್ಬು ತಿದ್ದುವ ಕೈ ಎಷ್ಟೇ ನಯವಾಗಿರಲಿ, ಯಾವ ಕಪ್ಪನ್ನು ಸುಡಬಾರದು ಎಂಬುದು ಅದಕ್ಕೆ ಗೊತ್ತಿಲ್ಲ.

ಆಯುರ್ವೇದವನ್ನು ಇವುಗಳ ಸಾಲಿಗೆ ಸೇರಿಸಲಾರೆ. ಸುಶ್ರುತ ಸಂಹಿತೆಯಲ್ಲಿ ಮಚ್ಚೆಗೆ ತಿಲಕಾಲಕ ಎಂಬ ಹೆಸರಿದೆ, ಶಸ್ತ್ರದಿಂದ ತೆಗೆದು ಕ್ಷಾರ ಅಥವಾ ಅಗ್ನಿಯಿಂದ ಸುಡುವ ಕ್ರಮವೂ ಇದೆ. ಕಲಿತ ವೈದ್ಯರು ಇಂದಿಗೂ ಕ್ಷಾರಕರ್ಮ, ಅಗ್ನಿಕರ್ಮ ಮಾಡುತ್ತಾರೆ. ಪಾಲುಣ್ಣಿ, ನರುಲಿಗಳಿಗೆ ಮಾಡಿಸಿಕೊಂಡು ಸಂತೋಷವಾಗಿರುವವರನ್ನು ಬಲ್ಲೆ. ಮಚ್ಚೆಗೆ ಬಂದರೆ ಅಲ್ಲಿಯೂ ಕೇಳಬೇಕಾದ್ದು ಅದೇ ಸೀಸೆಯ ಪ್ರಶ್ನೆ.

ಕಾಸರಗೋಡೋ ಮಂಗಳೂರೋ

ನಮ್ಮವರ ರೂಢಿ ಗೊತ್ತಿದೆ. ಜ್ವರ ಎರಡು ದಿನ ಬಿಡದಿದ್ದರೆ ಮಂಗಳೂರು ಬಸ್ಸು ಹತ್ತುವುದು. 2020ರ ಮಾರ್ಚ್‌ನಲ್ಲಿ ಕೋವಿಡ್ಡಿನಿಂದಾಗಿ ರಾಜ್ಯದ ಗಡಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಆ ರೂಢಿಯ ಬೆಲೆ ಗೊತ್ತಾಯಿತು, ಬೆನ್ನಿಗೇ ಏಪ್ರಿಲ್‌ನಲ್ಲಿ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡ ಕೋವಿಡ್ ಆಸ್ಪತ್ರೆಯಾಗಿ ತೆರೆಯಿತು. ಮಚ್ಚೆಯ ಮಟ್ಟಿಗೆ ಹೇಳುವುದಾದರೆ, ಪಾಲುಣ್ಣಿ, ಬೊಕ್ಕೆ, ನರುಲಿ, ಅನುಮಾನವಿಲ್ಲದ ಉಬ್ಬು ಮಚ್ಚೆ, ಇವಕ್ಕೆಲ್ಲ ಕಾಸರಗೋಡು, ಕಾಞಂಗಾಡಿನ ಚರ್ಮರೋಗ ತಜ್ಞರು ಧಾರಾಳ ಸಾಕು. ಸರಕಾರಿ ಆಸ್ಪತ್ರೆಗೆ ಹೋಗುವುದಾದರೆ ಚರ್ಮರೋಗದ ಓಪಿ (ಹೊರರೋಗಿ ವಿಭಾಗ) ಯಾವ ದಿನ, ಸಣ್ಣ ಶಸ್ತ್ರಕ್ರಿಯೆ ಯಾವ ದಿನ ಎಂದು ಮೊದಲೇ ವಿಚಾರಿಸಿ. ಎರಡೂ ಒಂದೇ ದಿನ ಇರುವುದು ಕಡಿಮೆ.

ಮುಖದ ಮೇಲಿನ ದೊಡ್ಡ ಮಚ್ಚೆ, ರೆಪ್ಪೆಯ ಅಂಚಿನದ್ದು, ಅಂಗಾಲಿನದ್ದು, ಸಂಶಯದ್ದು, ಹುಟ್ಟಿನಿಂದ ಇರುವ ಅಗಲವಾದದ್ದು, ಇವನ್ನು ಮಾತ್ರ ಚರ್ಮರೋಗ, ಪ್ಲಾಸ್ಟಿಕ್ ಸರ್ಜರಿ, ತೆಗೆದ ಚೂರನ್ನು ಪರೀಕ್ಷಿಸುವ ಪೆಥಾಲಜಿ ಮೂರೂ ಒಂದೇ ಸೂರಿನಡಿ ಇರುವ ಮೆಡಿಕಲ್ ಕಾಲೇಜಿಗೆ ಒಯ್ಯಿರಿ. ಮಂಜೇಶ್ವರ, ಉಪ್ಪಳದವರಿಗೆ ಮಂಗಳೂರು ಬದಿಯ ದೇರಳಕಟ್ಟೆಯೇ ಹತ್ತಿರ. ಕಾಞಂಗಾಡಿನ ತೆಂಕಣವರಿಗೆ ಕಣ್ಣೂರು ಜಿಲ್ಲೆಯ ಪರಿಯಾರ. ಕ್ಯಾನ್ಸರ್ ಎಂದೇ ಖಚಿತವಾದರೆ ತಲಶ್ಶೇರಿಯಲ್ಲಿ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ. ಒಂದು ಲೆಕ್ಕ ಮರೆಯಬೇಡಿ: ಹೊಲಿಗೆಯ ವಿಧಾನವೆಂದರೆ ನೋಡಿಸಲು ಒಮ್ಮೆ, ತೆಗೆಸಲು ಒಮ್ಮೆ, ಹೊಲಿಗೆ ಬಿಚ್ಚಿಸಲು ಒಮ್ಮೆ, ವರದಿಗೆ ಒಮ್ಮೆ. ಕಾಸರಗೋಡಿನಿಂದ ಮಂಗಳೂರಿಗೆ 50 ಕಿಲೋಮೀಟರು. ನಾಲ್ಕು ಸಲ ಹೋಗಿ ಬಂದರೆ ನಾಲ್ಕು ದಿನದ ಕೂಲಿಯೂ ಖರ್ಚಿಗೆ ಸೇರುತ್ತದೆ. ಹೊಲಿಗೆಯನ್ನು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಬಿಚ್ಚಿಸಬಹುದೇ ಎಂದು ಕೇಳಿ, ಚೀಟಿ ಬರೆಸಿಕೊಂಡು ಬನ್ನಿ.

ದುಡ್ಡಿನ ಮಾತು

ನಾನು ಕೇಳಿ ತಿಳಿದ ಮಟ್ಟಿಗೆ ಖಾಸಗಿಯಲ್ಲಿ ಕಾಟರಿ, ರೇಡಿಯೋಫ್ರೀಕ್ವೆನ್ಸಿಗೆ ಮಚ್ಚೆಯೊಂದಕ್ಕೆ 500ರಿಂದ 3,000 ರೂಪಾಯಿ. ಕೆತ್ತಿ ತೆಗೆಯಲು 1,500ರಿಂದ 5,000. ಸೀಳಿ ಹೊಲಿಯಲು 3,000ದಿಂದ 15,000, ಮುಖವಾದರೆ, ಪ್ಲಾಸ್ಟಿಕ್ ಸರ್ಜನ್ ಆದರೆ ಅದಕ್ಕೂ ಮೇಲೆ. ಲೇಸರಿಗೆ ಒಂದು ಸಲಕ್ಕೆ 2,000ದಿಂದ 8,000. ಪೆಥಾಲಜಿ ಪರೀಕ್ಷೆಗೆ ಪ್ರತ್ಯೇಕವಾಗಿ 600ರಿಂದ 2,000. ಊರು, ಕೈ, ಮಚ್ಚೆಯ ಜಾಗ ನೋಡಿ ಇವು ಹಿಗ್ಗುತ್ತವೆ, ಕುಗ್ಗುತ್ತವೆ. ಸರಕಾರಿ ಆಸ್ಪತ್ರೆಯಲ್ಲಿ ಚೀಟಿಯ ಹಣ, ಲ್ಯಾಬಿನ ಸಣ್ಣ ಶುಲ್ಕ ಬಿಟ್ಟರೆ ಹೆಚ್ಚೇನಿಲ್ಲ, ಕಾಯುವ ತಾಳ್ಮೆ ಬೇಕು.

ದರ ಹೇಳುವಾಗ ಅದರಲ್ಲಿ ಏನೇನು ಸೇರಿದೆ ಎಂದು ಬಿಡಿಸಿ ಕೇಳಿ: ಅರಿವಳಿಕೆ, ಬ್ಯಾಂಡೇಜು, ಮರುಭೇಟಿ, ಪರೀಕ್ಷೆ, ಮಚ್ಚೆ ಮರಳಿ ಬಂದರೆ ಎರಡನೆಯ ಸಲ. ಅಂದಕ್ಕಾಗಿ ತೆಗೆಸುವುದಾದರೆ ಜಿಎಸ್‌ಟಿ ಬೀಳಬಹುದು. ಕೇರಳದಲ್ಲಿ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯಿದೆಯ ಪ್ರಕಾರ ಆಸ್ಪತ್ರೆಗಳು ದರಪಟ್ಟಿಯನ್ನು ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಕಾಣುವಂತೆ ಹಾಕಬೇಕು. ಕನ್ನಡದಲ್ಲೂ ಹಾಕಿ ಎಂದು ಕಾಯಿದೆ ಹೇಳುವುದಿಲ್ಲ. ನಮಗೆ ಅದು ಹೊಸ ಅನುಭವವೂ ಅಲ್ಲ. ಮಲಯಾಳ ಓದಲು ಬರುವ ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ.

ವಿಮೆಯವರು ಅಂದಕ್ಕಾಗಿ ಮಾಡಿಸಿದ್ದಕ್ಕೆ ಕೊಡುವುದಿಲ್ಲ, ಅದು ಬಹುತೇಕ ಪಾಲಿಸಿಗಳಲ್ಲಿ ಇರುವ ಸಿದ್ಧ ಷರತ್ತು. ಸಂಶಯದಿಂದ ತೆಗೆಸಿದ್ದಾದರೆ ವೈದ್ಯರು ಚೀಟಿಯಲ್ಲಿ ಆ ಕಾರಣವನ್ನೇ ಬರೆದಿರಬೇಕು. ಕೇರಳ ಸರಕಾರದ ಆರೋಗ್ಯ ಯೋಜನೆಯ ಕಾರುಣ್ಯ ಕಾರ್ಡು ಮುಖ್ಯವಾಗಿ ಒಳರೋಗಿಗಳಾಗಿ ದಾಖಲಾದವರಿಗೆ. ಕುಳಿತು ಎದ್ದು ಬರುವ ಮಚ್ಚೆಯ ಕೆಲಸಕ್ಕೆ ಅದನ್ನು ನಂಬಿಕೊಳ್ಳಬೇಡಿ. ಗಡಿಯಾಚೆಯ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಯೇ ಎಂಬುದನ್ನು ಹೋಗುವ ಮೊದಲೇ ಫೋನ್ ಮಾಡಿ ಕೇಳಿ. ಎಲ್ಲಿ ಮಾಡಿಸಿದರೂ ಒಂದು ಕಡೆ ಮಾತ್ರ ಜಿಪುಣತನ ಬೇಡ: ನಿಜವಾದ ಮಚ್ಚೆಯಾದರೆ ಪೆಥಾಲಜಿಯ ಹಣ ಕೊಟ್ಟುಬಿಡಿ.

ತೆಗೆಸುವ ದಿನ, ಆಮೇಲೆ

ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಕಾಟರಿಯ ಮಾತು ಬಂದ ಕೂಡಲೇ ಹೇಳಬೇಕು. ರಕ್ತ ತೆಳುವಾಗಿಸುವ ಗುಳಿಗೆ, ಸಕ್ಕರೆ ಕಾಯಿಲೆ, ಹಿಂದೆ ಅರಿವಳಿಕೆಗೆ ಅಲರ್ಜಿ, ಇವನ್ನೂ ಹೇಳಿ. ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ. ಕಿವಿ ಚುಚ್ಚಿದಲ್ಲಿ ಅಥವಾ ಹಳೆಯ ಗಾಯದಲ್ಲಿ ಚರ್ಮ ಗಂಟಾಗಿ ಬೆಳೆದಿದ್ದರೆ ನಿಮ್ಮದು ಕೀಲಾಯ್ಡ್ ಬರುವ ಚರ್ಮ. ಅಂಥವರು ಎದೆ, ಭುಜದ ಮೇಲಿನ ನಿರಪಾಯ ಮಚ್ಚೆಯನ್ನು ಅಂದಕ್ಕಾಗಿ ತೆಗೆಸಲೇಬಾರದು ಎಂಬುದು ನನ್ನ ಅಭಿಪ್ರಾಯ, ಅಳಿಯುವ ಕಪ್ಪಿಗಿಂತ ಬೆಳೆಯುವ ಗಂಟು ದೊಡ್ಡದಾಗುತ್ತದೆ. ಬಸುರಿಯರು ಹೆರಿಗೆಯ ನಂತರಕ್ಕೆ ಇಟ್ಟುಕೊಳ್ಳಬಹುದು. ಸಂಶಯದ್ದನ್ನು ಮಾತ್ರ ಮುಂದೂಡಬಾರದು.

ಕಾಲದ ಆಯ್ಕೆಯೂ ಇದೆ. ಮೇ ತಿಂಗಳ ಬೆವರು, ಜೂನ್ ಜುಲೈಯ ಮಳೆ ಎರಡೂ ಗಾಯಕ್ಕೆ ಒಳ್ಳೆಯದಲ್ಲ. ಅಡಿಕೆಗೆ ಬೋರ್ಡೋ ಬಿಡುವ ದಿನಗಳಲ್ಲಿ ಮುಖದಲ್ಲೋ ಕುತ್ತಿಗೆಯಲ್ಲೋ ಹಸಿ ಗಾಯ ಇಟ್ಟುಕೊಂಡು ತೋಟಕ್ಕಿಳಿಯಬಾರದು. ಮೈಲುತುತ್ತು, ಸುಣ್ಣದ ಹನಿ ಬಿದ್ದರೆ ಮಾಯುವ ಗಾಯ ಮತ್ತೆ ಉರಿಯೇಳುತ್ತದೆ. ಮರ ಹತ್ತುವವರು ಅಂಗಾಲು, ತೊಡೆಯ ಮಚ್ಚೆ ತೆಗೆಸಿದರೆ ಮೂರು ವಾರವಾದರೂ ಕಾಲಿಗೆ ಹಾಕುವ ತಳೆ ಮುಟ್ಟಬಾರದು. ನಮ್ಮಲ್ಲಿ ನವೆಂಬರ್‌ನಿಂದ ಜನವರಿಯವರೆಗಿನ ಕಾಲವೇ ಅನುಕೂಲ.

ಗಾಯಕ್ಕೆ ಪೆಟ್ರೋಲಿಯಂ ಜೆಲ್ಲಿ ಅಥವಾ ಕೊಟ್ಟ ಮುಲಾಮು ಹಚ್ಚಿ ತೇವವಾಗಿಡಿ. ಒಣಗಿಸಿದರೆ ಬೇಗ ಮಾಯುತ್ತದೆ ಎಂಬುದು ಹಳೆಯ ತಿಳಿವಳಿಕೆ. ಅರಸಿನ, ಕಾಫಿಪುಡಿ, ಬೂದಿ ಯಾವುದೂ ಬೇಡ. ಹಕ್ಕಳೆ ತಾನಾಗಿ ಬೀಳುವವರೆಗೆ ಕೀಳಬೇಡಿ. ಕಿತ್ತಲ್ಲಿ ಗುಳಿ ಬೀಳುತ್ತದೆ. ಮಾಯ್ದ ಮೇಲೆ ಮೂರು ತಿಂಗಳಾದರೂ ಬಿಸಿಲಿಗೆ ಹೋಗುವಾಗ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚದಿದ್ದರೆ ಆ ಜಾಗ ಕಪ್ಪಾಗುತ್ತದೆ. ಕೆಂಪು, ಕೀವು, ಹೆಚ್ಚುತ್ತಿರುವ ನೋವು, ಜ್ವರ ಕಂಡರೆ ಮರುಭೇಟಿಯ ದಿನದವರೆಗೆ ಕಾಯಬೇಡಿ.

ಚೂರು ಹಾಕಿದ ಸೀಸೆಯ ಮೇಲೆ ನಿಮ್ಮ ಹೆಸರು, ಮಚ್ಚೆಯಿದ್ದ ಜಾಗ ಬರೆದಿದೆಯೇ ಎಂದು ಎದ್ದು ಬರುವ ಮೊದಲು ಕಣ್ಣಾರೆ ನೋಡಿ. ಎರಡು ಮಚ್ಚೆ ತೆಗೆಸಿದರೆ ಎರಡು ಸೀಸೆ. ವರದಿ ಬರಲು ವಾರ ಹತ್ತು ದಿನ ಬೇಕು. ಫೋನಿನಲ್ಲಿ ‘ಏನೂ ತೊಂದರೆಯಿಲ್ಲ’ ಎಂದು ಕೇಳಿ ಸುಮ್ಮನಾಗದೆ ಕಾಗದವನ್ನೇ ತಂದುಕೊಳ್ಳಿ.

ನನಗೊಂದು ಸಣ್ಣ ಪೇಚು ಆಮೇಲೆ ಎದುರಾಯಿತು. ನನ್ನ ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಗುರುತಿನ ಚಿಹ್ನೆಯ ಜಾಗದಲ್ಲಿ ‘ಎಡ ದವಡೆಯ ಮೇಲೆ ಕಪ್ಪು ಮಚ್ಚೆ’ ಎಂದಿದೆ. ಕಳೆದ ತಿಂಗಳು ಒಂದು ಕಾಗದದ ಕೆಲಸಕ್ಕೆ ಹೋದಾಗ ಗುಮಾಸ್ತರು ಪುಸ್ತಕ ನೋಡಿದರು, ನನ್ನ ದವಡೆ ನೋಡಿದರು, ಮತ್ತೆ ಪುಸ್ತಕ ನೋಡಿದರು. ಎರಡನೆಯ ಚಿಹ್ನೆಯಾಗಿ ಮೊಣಕಾಲಿನ ಗಾಯದ ಗುರುತು ಇದ್ದದ್ದರಿಂದ, ಮುಂಡು ಸ್ವಲ್ಪ ಮೇಲೆತ್ತಿ ಪಾರಾದೆ. ಈಗ ಪೆಥಾಲಜಿ ವರದಿಯ ನಕಲನ್ನು ಆ ಪುಸ್ತಕದ ಒಳಗೇ ಇಟ್ಟಿದ್ದೇನೆ.